ಲಿಂಕ್ಡ್‌ಇನ್, ವಾಟ್ಸಾಪ್‌ನಲ್ಲಿ ಕೆಲಸದ ಪರಿಚಯ ಬೆಳೆಸುವುದು ಹೇಗೆ: ಮೊದಲ ಮೆಸೇಜಿನಿಂದ ರೆಫರಲ್‌ವರೆಗೆ

ಮೊನ್ನೆ ರಾತ್ರಿ 11.40ಕ್ಕೆ ನನ್ನ ಲಿಂಕ್ಡ್‌ಇನ್‌ಗೆ ಒಂದು ಮೆಸೇಜು ಬಂತು. ‘ಹಾಯ್ ಸರ್.’ ಅಷ್ಟೇ. ಬೆಳಿಗ್ಗೆ 6ಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ. 6.10ಕ್ಕೆ ‘ಸರ್ ವೇಕೆನ್ಸಿ ಇದ್ದರೆ ಹೇಳಿ’. ಯಾವ ಊರು, ಏನು ಓದಿದ್ದಾನೆ, ಎಂಥ ಕೆಲಸ ಬೇಕು, ಒಂದೂ ಇಲ್ಲ. ನಾನು ಗಿಣಿಗೇರಾ ಕಡೆಯ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿದ್ದೇನೆ. ನೇಮಕಾತಿ ನನ್ನ ಕೈಯಲ್ಲಿಲ್ಲ. ಆದರೂ ವಾರಕ್ಕೆ ಹತ್ತಾದರೂ ಇಂಥ ಮೆಸೇಜು ಬರುತ್ತವೆ. ಮುಕ್ಕಾಲು ಪಾಲಿಗೆ ನಾನು ಉತ್ತರ ಕೊಡುವುದಿಲ್ಲ. ಕೊಡಬಾರದು ಅಂತಲ್ಲ, ಏನಂತ ಕೊಡಲಿ?

ಆ ಹುಡುಗ ಎದುರಿಗೆ ಬಂದಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ‘ನಾನು ಕುಕನೂರ ಮಾಸ್ತರ ಮಗ ರೀ, ನಿಮ್ಮ ಹತ್ರ ಒಂದು ವಿಷಯ ಕೇಳಬೇಕಿತ್ತು’ ಅಂತ ಶುರು ಮಾಡುತ್ತಿದ್ದ. ನಾನು ಚಹಾ ಹೇಳುತ್ತಿದ್ದೆ. ಅದೇ ಹುಡುಗ ಫೋನಿನಲ್ಲಿ ‘ಹಾಯ್’ ಅನ್ನುತ್ತಾನೆ. ಪರಿಚಯ ಹೇಳಿಕೊಳ್ಳುವುದು, ಬಂದ ಕಾರಣ ತಿಳಿಸುವುದು, ಎದುರಿನವರಿಗೆ ಪುರುಸೊತ್ತಿದೆಯಾ ನೋಡುವುದು, ಈ ಮೂರನ್ನೂ ಫೋನಿಗೆ ತರುವುದು ಹೇಗೆ ಅಂತ ಹಂತ ಹಂತವಾಗಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಏಳನೇ ಹಂತದಿಂದ, ಅಂದರೆ ರೆಫರಲ್ (ಕಂಪನಿಯೊಳಗಿನವರ ಶಿಫಾರಸು) ಕೇಳುವುದರಿಂದಲೇ, ಶುರು ಮಾಡುವವರೇ ಜಾಸ್ತಿ, ಸೋಲುವುದೂ ಅಲ್ಲೇ.

ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ತೋರಣಗಲ್ಲು, ಗಿಣಿಗೇರಾ, ಶಕ್ತಿನಗರ, ಹಟ್ಟಿ, ಸಂಡೂರು. ದೊಡ್ಡ ಕೆಲಸದ ಜಾಗಗಳು ಬೆರಳೆಣಿಕೆಯಷ್ಟು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಜನ ಬದಲಾಗುತ್ತಲೇ ಇರುತ್ತಾರೆ. ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬರ ಹತ್ತಿರ ಕೆಟ್ಟದಾಗಿ ನಡೆದುಕೊಂಡರೆ ಅದು ಅಲ್ಲಿಗೇ ನಿಲ್ಲುವುದಿಲ್ಲ.

ಮೊದಲು ಇಷ್ಟು ಕೈಯಲ್ಲಿರಲಿ

ಸರಿಯಾದ ಇಮೇಲ್ ವಿಳಾಸ ಒಂದು. ಹೆಸರು, ಇನಿಷಿಯಲ್ ಇದ್ದರೆ ಸಾಕು. ಕಾಲೇಜಿನಲ್ಲಿ ಮಾಡಿಕೊಂಡ ‘ಕಿಲಾಡಿ ಹುಡುಗ 143’ ಇಲ್ಲಿ ನಡೆಯುವುದಿಲ್ಲ.

ರೆಸ್ಯೂಮೆ ಪಿಡಿಎಫ್‌ನಲ್ಲಿರಲಿ, ಎರಡು ಪುಟ ಮೀರದಿರಲಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಅದರ ಫೋಟೊ ತೆಗೆದು, ಕೈಯ ನೆರಳಿನ ಸಮೇತ ಕಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಕಡತದ ಹೆಸರು ‘ನ್ಯೂ ಫೈನಲ್ 2’ ಅಂತ ಇದ್ದರೆ, ನೂರು ರೆಸ್ಯೂಮೆ ಇಳಿಸಿಕೊಂಡವರ ಕಂಪ್ಯೂಟರಿನಲ್ಲಿ ನಿಮ್ಮದು ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಹೆಸರು, ಟ್ರೇಡ್, ಊರು, ಇದೇ ಕಡತದ ಹೆಸರು. ಆಧಾರ್ ಸಂಖ್ಯೆ, ಜಾತಿ, ತಂದೆಯ ಉದ್ಯೋಗ ರೆಸ್ಯೂಮೆಯಲ್ಲಿ ಬೇಕಾಗಿಲ್ಲ.

ಮೂರನೆಯದು ಒಂದು ನೋಟ್‌ಬುಕ್. ಯಾರಿಗೆ, ಯಾವ ದಿನ, ಏನು ಕೇಳಿದೆ, ಏನು ಉತ್ತರ ಬಂತು, ಅಂತ ನಾಲ್ಕು ಗೆರೆ ಎಳೆದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ. ಮಾಡದೆ ಇರುವುದರಿಂದಲೇ ಒಬ್ಬರಿಗೇ ಮೂರು ಸಲ ಅದೇ ಪರಿಚಯ ಹೇಳಿಕೊಳ್ಳುತ್ತಾರೆ.

ಹಂತ 1: ಮನೆ ಗುಡಿಸಿ ಆಮೇಲೆ ನೆಂಟರನ್ನು ಕರೆಯಿರಿ

ನೀವು ಮೆಸೇಜು ಕಳಿಸಿದ ಕೂಡಲೇ ಎದುರಿನವರು ನಿಮ್ಮ ಹೆಸರಿನ ಮೇಲೆ ಒತ್ತುತ್ತಾರೆ. ಅಲ್ಲಿ ಫೋಟೊ ಇಲ್ಲ, ಹೆಡ್‌ಲೈನ್‌ನಲ್ಲಿ ‘ಸ್ಟೂಡೆಂಟ್’ ಅಂತ ಮಾತ್ರ ಇದೆ ಅಂದರೆ ಮುಂದಿನದು ಓದುವುದೇ ಇಲ್ಲ. ಅದಕ್ಕೇ ಪ್ರೊಫೈಲು ಮೊದಲು.

ಲಿಂಕ್ಡ್‌ಇನ್ ಹೆಡ್‌ಲೈನ್‌ಗೆ 220 ಅಕ್ಷರ ಜಾಗ ಕೊಡುತ್ತದೆ. ಅಷ್ಟರಲ್ಲಿ ಓದು, ಕೈಕೆಲಸ, ಊರು ಮೂರೂ ಬರಬೇಕು. ‘ಅವಕಾಶ ಹುಡುಕುತ್ತಿರುವ ಶ್ರಮಜೀವಿ’ ಅಂದರೆ ಏನೂ ಹೇಳಿದ ಹಾಗಲ್ಲ. ‘ಮೆಕ್ಯಾನಿಕಲ್ ಡಿಪ್ಲೊಮಾ, ಪಂಪು ಮತ್ತು ಗೇರ್‌ಬಾಕ್ಸ್ ಮೆಂಟೆನೆನ್ಸ್‌ನಲ್ಲಿ 1 ವರ್ಷದ ಅನುಭವ, ಕೊಪ್ಪಳ’ ಅಂದರೆ ಬೇಕಾದವರು ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಬರೆದರೂ ಇದೇ ಲೆಕ್ಕ.

ಫೋಟೊ: ಮುಖ ಕಾಣಲಿ, ಹಿಂದೆ ಗೋಡೆ ಇರಲಿ, ಅಷ್ಟು ಸಾಕು. ಹಂಪಿಯ ಕಲ್ಲಿನ ರಥದ ಮುಂದೆ ಕೂಲಿಂಗ್ ಗ್ಲಾಸ್ ಹಾಕಿ ನಿಂತದ್ದು, ಅಣ್ಣನ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದ್ದು, ಪಕ್ಕದವರ ಕೈ ಇನ್ನೂ ಹೆಗಲ ಮೇಲೆಯೇ ಇರುವುದು, ಇವೆಲ್ಲ ಇನ್‌ಸ್ಟಾಗ್ರಾಮ್‌ಗೆ ಇರಲಿ.

ಕಾರ್ಖಾನೆಯಲ್ಲಿ ಆಗಲೇ ಕೆಲಸ ಮಾಡುತ್ತಿರುವವರಿಗೆ ಒಂದು ಮಾತು. ಹೆಲ್ಮೆಟ್ ಹಾಕಿ ಫರ್ನೇಸ್ ಮುಂದೆ ನಿಂತ ಸೆಲ್ಫಿ ಚೆನ್ನಾಗಿಯೇ ಬರುತ್ತದೆ, ನಿಜ. ಆದರೆ ಹೆಚ್ಚಿನ ಪ್ಲಾಂಟ್‌ಗಳಲ್ಲಿ ಒಳಗೆ ಫೋಟೊ ತೆಗೆಯುವುದೇ ನಿಷೇಧ. ನಿಮ್ಮ ಹಿಂದಿನ ಪ್ಯಾನೆಲ್ ಮೇಲೆ ಏನೇನು ಕಾಣುತ್ತಿದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಗೇಟ್ ಪಾಸ್, ಐಡಿ ಕಾರ್ಡ್, ಆಫರ್ ಲೆಟರ್ ಫೋಟೊ ಹಾಕುವುದೂ ಅಷ್ಟೇ ತಪ್ಪು. ಕಾರ್ಡಿನ ಬಾರ್‌ಕೋಡು, ಉದ್ಯೋಗಿ ಸಂಖ್ಯೆ, ಸಂಬಳ, ಎಲ್ಲ ಊರ ಮುಂದೆ ಬಂದುಬಿಡುತ್ತವೆ.

ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸುವ ‘ಓಪನ್ ಟು ವರ್ಕ್’ ಬಗ್ಗೆ ತುಂಬ ಜನ ಕೇಳುತ್ತಾರೆ. ಅದರಲ್ಲಿ ಎರಡು ಆಯ್ಕೆ ಇವೆ. ಒಂದು ಎಲ್ಲರಿಗೂ ಕಾಣುವ ಹಸಿರು ಪಟ್ಟಿ. ಇನ್ನೊಂದು ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂಥದ್ದು. ಕೆಲಸ ಇಲ್ಲದವರು ಮೊದಲನೆಯದನ್ನು ಧಾರಾಳವಾಗಿ ಹಾಕಿ, ನಾಚಿಕೆ ಏನಿಲ್ಲ. ಕೆಲಸದಲ್ಲಿದ್ದು ಬೇರೆ ಕಡೆ ಹುಡುಕುವವರು ಎರಡನೆಯದನ್ನು ಆರಿಸಿ. ಅದು ಕೂಡ ನಿಮ್ಮ ಕಂಪನಿಗೆ ಗೊತ್ತಾಗುವುದೇ ಇಲ್ಲ ಅನ್ನುವ ಗ್ಯಾರಂಟಿ ಲಿಂಕ್ಡ್‌ಇನ್ ಕೊಡುವುದಿಲ್ಲ. ಇದು ನೆನಪಿರಲಿ.

ಹಂತ 2: ಇಪ್ಪತ್ತು ಹೆಸರು ಬರೆದುಕೊಳ್ಳಿ

ನೇರ ಎಂಡಿಗೆ, ಎಚ್‌ಆರ್ ಮುಖ್ಯಸ್ಥರಿಗೆ ಬರೆಯುವುದು ಧೈರ್ಯ ಅಂತ ಕೆಲವರು ಅಂದುಕೊಂಡಿದ್ದಾರೆ. ಅವರಿಗೆ ದಿನಕ್ಕೆ ಎಷ್ಟು ಬರುತ್ತವೆ ಅಂತ ಯೋಚಿಸಿ. ನಿಮಗೆ ಉಪಯೋಗ ಆಗುವವರು ನಿಮಗಿಂತ ಎರಡರಿಂದ ಐದು ವರ್ಷ ಮುಂದೆ ಇರುವವರು. ನಿಮ್ಮ ಪರದಾಟ ಅವರಿಗೆ ಇನ್ನೂ ಮರೆತಿಲ್ಲ.

ಅವರನ್ನು ಹುಡುಕುವುದು ಸುಲಭ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆಯಿರಿ. ಅಲ್ಲಿ ‘ಅಲಮ್ನಿ’ ಅಂತ ಒಂದು ಭಾಗ ಇರುತ್ತದೆ. ಊರು, ಕಂಪನಿ, ಓದಿದ ವಿಷಯ ಹಾಕಿ ಜರಡಿ ಹಿಡಿಯಬಹುದು. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಯಾವುದೇ ಇರಲಿ, ನಿಮ್ಮ ಬೆಂಚಿನಲ್ಲೇ ಕೂತು ಹೋದವರು ಸಿಗುತ್ತಾರೆ.

ವ್ಯಾಪಾರದವರಿಗೆ ಪಟ್ಟಿ ಬೇರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಬಟನ್, ಜಿಪ್, ವಾಷಿಂಗ್‌ನವರನ್ನೂ ಹೊರ ಊರಿನ ಸಗಟು ಖರೀದಿದಾರರನ್ನೂ ಹುಡುಕಬೇಕು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ನವರಿಗೆ ಯಂತ್ರ ರಿಪೇರಿಯವರು, ಬ್ರೋಕರ್‌ಗಳು ಬೇಕು. ಇವರಲ್ಲಿ ಹೆಚ್ಚಿನವರು ಲಿಂಕ್ಡ್‌ಇನ್‌ನಲ್ಲಿ ಇಲ್ಲ, ವಾಟ್ಸಾಪ್‌ನಲ್ಲಿದ್ದಾರೆ. ಅದರ ಮಾತು ಎಂಟನೇ ಹಂತದಲ್ಲಿದೆ.

ಹಂತ 3: ಎರಡು ವಾರ ಓದಿ, ಕಮೆಂಟ್ ಮಾಡಿ

ಪಟ್ಟಿಯಲ್ಲಿರುವವರನ್ನು ಫಾಲೊ ಮಾಡಿ. ಏನು ಬರೆಯುತ್ತಾರೆ, ಯಾವುದಕ್ಕೆ ಉತ್ತರ ಕೊಡುತ್ತಾರೆ ನೋಡಿ. ಈ ಎರಡು ವಾರದಲ್ಲಿ ಯಾರಿಗೂ ಏನೂ ಕೇಳಬೇಡಿ. ನಾಲ್ಕೈದು ಒಳ್ಳೆಯ ಕಮೆಂಟು ಹಾಕಿದರೆ ಸಾಕು, ಆಮೇಲೆ ನೀವು ಕೋರಿಕೆ ಕಳಿಸಿದಾಗ ಹೆಸರು ಎಲ್ಲೋ ನೋಡಿದ ಹಾಗಿರುತ್ತದೆ.

ಒಳ್ಳೆಯ ಕಮೆಂಟು ಅಂದರೆ? ಒಬ್ಬರು ಬೇರಿಂಗ್ ಮೇಲಿಂದ ಮೇಲೆ ಹಾಳಾಗುವ ಬಗ್ಗೆ ಬರೆದಿದ್ದಾರೆ ಅನ್ನಿ. ‘ಸೂಪರ್ ಸರ್’ ಅಂದರೆ ಅವರಿಗೆ ಏನೂ ಸಿಗುವುದಿಲ್ಲ. ‘ನಮ್ಮಲ್ಲೂ ಹೀಗೇ ಆಗಿತ್ತು, ಅಲೈನ್‌ಮೆಂಟ್ ಸರಿ ಮಾಡಿದ ಮೇಲೆ ನಿಂತಿತು. ಗ್ರೀಸ್ ಬದಲಿಸಿ ನೋಡಿದಿರಾ?’ ಅಂದರೆ ಮಾತು ಮುಂದುವರಿಯುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲದ್ದನ್ನೇ ಕೇಳಿ. ಅದೂ ಒಳ್ಳೆಯ ಕಮೆಂಟೇ.

ಇಲ್ಲಿ ಕಾಣುವ ತಪ್ಪುಗಳು ಹಲವು. ಕೆಲಸದ ಜಾಹೀರಾತಿನ ಕೆಳಗೆ ‘ಇಂಟರೆಸ್ಟೆಡ್’ ಅಂತ ಬರೆಯುವುದು. ಜಾಹೀರಾತಿನಲ್ಲೇ ‘ಇಮೇಲ್ ಮಾಡಿ’ ಅಂತ ಇರುತ್ತದೆ, ಅದನ್ನು ಓದಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ. ‘ಸಿಎಫ್‌ಬಿಆರ್’ (ಪೋಸ್ಟು ಹೆಚ್ಚು ಜನಕ್ಕೆ ತಲುಪಲಿ ಅಂತ ಹಾಕುವ ಕಮೆಂಟು) ಅಂತ ಎಲ್ಲರ ಪೋಸ್ಟಿನ ಕೆಳಗೂ ಹಾಕುವುದು. ಮೊಬೈಲ್ ನಂಬರು, ಹುಟ್ಟಿದ ದಿನಾಂಕ ಬರೆದುಬಿಡುವುದು. ಮೋಸಗಾರರಿಗೆ ಬೇಕಾದದ್ದೇ ಅದು.

ಓದದೆ ಬಟನ್ ಒತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಲಿಂಕ್ಡ್‌ಇನ್ ತಾನೇ ತಯಾರು ಮಾಡಿದ ಸಣ್ಣ ಉತ್ತರಗಳನ್ನು ಎದುರಿಗಿಡುತ್ತದೆ. ಒಬ್ಬರು ತಮ್ಮ ಜೊತೆ ಕೆಲಸ ಮಾಡಿದವರು ತೀರಿಕೊಂಡ ಬಗ್ಗೆ ಉದ್ದಕ್ಕೆ ಬರೆದಿದ್ದರು. ಅದರ ಕೆಳಗೆ ಇಬ್ಬರು ‘ಕಂಗ್ರಾಟ್ಸ್ ಸರ್’ ಅಂದಿದ್ದರು. ಆ ಎರಡು ಹೆಸರು ನನಗೆ ಇವತ್ತಿಗೂ ನೆನಪಿವೆ.

ಹಂತ 4: ಕೋರಿಕೆ ಕಳಿಸುವುದು

ಈಗ ಕನೆಕ್ಟ್ ಒತ್ತಬಹುದು. ದಿನಕ್ಕೆ ನಾಲ್ಕೈದು, ಅಷ್ಟೇ. ಒಂದೇ ಸಲಕ್ಕೆ ನೂರಾರು ಕಳಿಸಿದರೆ ಲಿಂಕ್ಡ್‌ಇನ್ ನಿಮ್ಮನ್ನು ಕೆಲ ದಿನ ತಡೆಯುತ್ತದೆ. ಕಳಿಸಿದ ಕೋರಿಕೆ ವಾಪಸ್ ತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೆ ಕಾಯಬೇಕಾಗುತ್ತದೆ. ಹಾಗಾಗಿ ಒತ್ತುವ ಮುಂಚೆ ಇನ್ನೊಮ್ಮೆ ಹೆಸರು ನೋಡಿ.

ಕೋರಿಕೆಯ ಜೊತೆ ಟಿಪ್ಪಣಿ ಸೇರಿಸಬಹುದು. ಉಚಿತ ಖಾತೆಗೆ ತಿಂಗಳಿಗೆ ಕೆಲವೇ ಟಿಪ್ಪಣಿ, ಅದೂ 200 ಅಕ್ಷರದ ಮಿತಿ. ಕನ್ನಡದಲ್ಲಿ ಒತ್ತು, ಕೊಂಬು, ಗುಣಿತ ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಬೇಗ ಮುಗಿದುಹೋಗುತ್ತದೆ. ಮುಖ್ಯವಾದ ನಾಲ್ಕೈದು ಜನಕ್ಕೆ ಮಾತ್ರ ಇದನ್ನು ಬಳಸಿ. ಮಿತಿಯೊಳಗೆ ಹಿಡಿಯುವ ಒಂದು ಟಿಪ್ಪಣಿ:

‘ನಮಸ್ಕಾರ ಸರ್. ನಾನು ಕೊಪ್ಪಳದವನು, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಕನ್ವೇಯರ್ ಬೆಲ್ಟ್ ಬಗ್ಗೆ ನೀವು ಬರೆದದ್ದು ಓದಿದೆ. ನಿಮ್ಮ ಬರಹಗಳನ್ನು ಓದುತ್ತಿರಬೇಕೆಂದು ಕೋರಿಕೆ ಕಳಿಸಿದ್ದೇನೆ.’

ಇದರಲ್ಲಿ ಕೆಲಸದ ಮಾತಿಲ್ಲ, ಗಮನಿಸಿ. ಅದಕ್ಕೆ ಇನ್ನೂ ಹೊತ್ತಿದೆ.

ಹಂತ 5: ಮೊದಲ ಮೆಸೇಜು

ಕೋರಿಕೆ ಒಪ್ಪಿದರು. ಒಪ್ಪಿದ ನಿಮಿಷಕ್ಕೇ ರೆಸ್ಯೂಮೆ ಕಳಿಸುವುದು ಬೇಡ. ಎರಡು ದಿನ ಬಿಡಿ. ಆಮೇಲೆ ಒಂದೇ ಮೆಸೇಜಿನಲ್ಲಿ ನಾಲ್ಕು ವಿಷಯ ಬರಲಿ: ನೀವು ಯಾರು, ಅವರು ನಿಮಗೆ ಹೇಗೆ ಗೊತ್ತು, ನಿಮ್ಮ ಒಂದು ಪ್ರಶ್ನೆ, ಉತ್ತರ ಕೊಡಲು ಆಗದಿದ್ದರೂ ಬೇಜಾರಿಲ್ಲ ಅನ್ನುವ ಮಾತು. ತುಂಡು ತುಂಡಾಗಿ ಕಳಿಸಬೇಡಿ. ‘ಹಾಯ್’, ‘ಸರ್’, ‘ಬ್ಯುಸಿ ಆ?’, ‘ಒಂದು ಮಾತು’ ಅಂತ ನಾಲ್ಕು ಸಲ ಫೋನು ಗುಂಯ್ ಅಂದರೆ ಯಾರಿಗೂ ಕಿರಿಕಿರಿ.

ಇದು ನಡೆಯುವುದಿಲ್ಲ: ‘ಸರ್ ನಾನು ತುಂಬಾ ಕಷ್ಟದಲ್ಲಿದ್ದೇನೆ, ಯಾವುದಾದರೂ ಕೆಲಸ ಕೊಡಿಸಿ, ನಿಮ್ಮ ಉಪಕಾರ ಮರೆಯುವುದಿಲ್ಲ.’

ಕಷ್ಟ ನಿಜವೇ ಇರಬಹುದು. ಆದರೆ ‘ಯಾವುದಾದರೂ’ ಅಂದ ಕೂಡಲೇ ಎದುರಿನವನು ನಿಮ್ಮ ಪರವಾಗಿ ಯೋಚಿಸುವ ಕೆಲಸ ಪೂರ್ತಿ ತಾನೇ ಮಾಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

ಇದು ನಡೆಯುತ್ತದೆ: ‘ನಮಸ್ಕಾರ ಸರ್. ನಾನು ಕೊಪ್ಪಳದವನು, ನೀವು ಓದಿದ ಪಾಲಿಟೆಕ್ನಿಕ್‌ನಲ್ಲೇ ಹೋದ ವರ್ಷ ಮೆಕ್ಯಾನಿಕಲ್ ಮುಗಿಸಿದೆ. ಈಗ ಒಂದು ರೈಸ್ ಮಿಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ಉಕ್ಕಿನ ಕಾರ್ಖಾನೆಗೆ ಬರಬೇಕೆಂದರೆ ಹೈಡ್ರಾಲಿಕ್ಸ್ ಮೊದಲು ಕಲಿಯಲೋ ವೆಲ್ಡಿಂಗ್ ಇನ್ಸ್‌ಪೆಕ್ಷನ್ನೋ? ಬಿಡುವಿದ್ದಾಗ ಒಂದು ಸಾಲು ತಿಳಿಸಿದರೆ ಸಾಕು. ಆಗದಿದ್ದರೂ ತೊಂದರೆ ಇಲ್ಲ.’

ಇದಕ್ಕೆ ನಾನು ಚಹಾ ಕುಡಿಯುವಷ್ಟರಲ್ಲಿ ಉತ್ತರ ಬರೆಯಬಹುದು. ಬರೆಯುತ್ತೇನೆ ಕೂಡ.

ಸಂಬೋಧನೆಯಲ್ಲಿ ಗೊಂದಲ ಬೇಡ. ಗುರುತಿಲ್ಲದವರಿಗೆ ಸರ್, ಮೇಡಂ. ವಯಸ್ಸಿನಲ್ಲಿ ಚಿಕ್ಕವರಿದ್ದರೂ ‘ನೀವು’. ‘ಅಣ್ಣಾ’, ‘ಅಕ್ಕಾ’ ಅನ್ನುವುದು ನಮ್ಮ ಕಡೆ ಪ್ರೀತಿಯ ಮಾತೇ. ಆದರೆ ಅವರು ಮೊದಲು ‘ತಮ್ಮಾ’ ಅನ್ನಲಿ, ಆಮೇಲೆ ನೀವು ಅಣ್ಣಾ ಅನ್ನಿ. ‘ಡಿಯರ್’, ‘ಬ್ರೋ’, ‘ಬಾಸ್’ ಬೇಡವೇ ಬೇಡ.

ಭಾಷೆ: ಕನ್ನಡದವರಿಗೆ ಕನ್ನಡದಲ್ಲಿ ಬರೆಯಿರಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಒತ್ತಿ ಬರೆದರೆ ಓದುವುದು ಕಷ್ಟ. ನಮ್ಮ ಕಾರ್ಖಾನೆಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯವರೂ ಇದ್ದಾರೆ. ಅವರಿಗೆ ಸರಳ ಇಂಗ್ಲಿಷ್ ಸಾಕು. ಎಐ ಹತ್ತಿರ ಬರೆಸಿದ ಉದ್ದುದ್ದ ಇಂಗ್ಲಿಷ್ ಬೇಡ. ಅದೇ ವಾಕ್ಯಗಳು ಹತ್ತು ಜನರಿಂದ ಬರುತ್ತವೆ, ಗೊತ್ತಾಗಿಬಿಡುತ್ತದೆ.

ಹೊತ್ತು: ನಮ್ಮ ಕಡೆ ಗಡಿಯಾರ ನೋಡಿದರೆ ಸಾಲದು, ಶಿಫ್ಟ್ ನೋಡಬೇಕು. ರಾತ್ರಿಯ ಸಿ ಶಿಫ್ಟ್ ಮುಗಿಸಿದವರು ಬೆಳಿಗ್ಗೆ 6ಕ್ಕೆ ಹೊರಗೆ ಬಂದು 9ಕ್ಕೆ ಗಾಢ ನಿದ್ದೆಯಲ್ಲಿರುತ್ತಾರೆ. ನೀವು ‘ಆಫೀಸ್ ಟೈಮ್’ ಅಂದುಕೊಂಡು ಆಗ ಕರೆ ಮಾಡಿದರೆ ಬೈಗುಳವೇ ಗತಿ. ಶಟ್‌ಡೌನ್ (ರಿಪೇರಿಗೆ ಯಂತ್ರ ನಿಲ್ಲಿಸುವುದು) ನಡೆಯುವಾಗ ನಾವು ವಾರಗಟ್ಟಲೆ ಫೋನು ಮುಟ್ಟುವುದಿಲ್ಲ. ಸುಗ್ಗಿಯಲ್ಲಿ ಮಿಲ್‌ನವರು, ದಸರಾ ದೀಪಾವಳಿ ಮುಂದೆ ಜೀನ್ಸ್‌ನವರು ಕೂಡ ಹಾಗೇ. ಮೆಸೇಜು ಸಂಜೆ 5ರಿಂದ 8ರೊಳಗೆ ಕಳಿಸಿ. ಕರೆ ಮಾಡುವ ಮುಂಚೆ ‘ಯಾವಾಗ ಮಾಡಲಿ?’ ಅಂತ ಕೇಳಿ. ವಾಯ್ಸ್ ನೋಟ್ ಅಂತೂ ಮೊದಲ ಪರಿಚಯದಲ್ಲಿ ಕಳಿಸಬೇಡಿ. ಕನ್ವೇಯರ್ ಸದ್ದಿನ ನಡುವೆ ಮೂರು ನಿಮಿಷದ ದನಿ ಕೇಳುವುದು ಹೇಗೆ?

ನಾನೂ ಇದರಲ್ಲಿ ಮುಗ್ಗರಿಸಿದ್ದೇನೆ. ಕೆಲಸ ಬದಲಿಸಲು ಒದ್ದಾಡುತ್ತಿದ್ದಾಗ ಒಂದೇ ಮೆಸೇಜು ಬರೆದು ನಲವತ್ತು ಜನಕ್ಕೆ ಅಂಟಿಸಿದೆ. ‘ನಿಮ್ಮ ಕಂಪನಿಯಲ್ಲಿ ಕೆಲಸ ಮಾಡುವುದು ನನ್ನ ಕನಸು’ ಅಂತ ಇತ್ತು. ಕಂಪನಿಯ ಹೆಸರು ಬದಲಿಸಲು ಒಂದು ಕಡೆ ಮರೆತೆ. ಅವರಿಂದ ಬಂದ ಉತ್ತರ: ‘ನಿಮ್ಮ ಕನಸು ನಮ್ಮ ಎದುರು ಕಂಪನಿಯದ್ದು, ಅಲ್ಲಿಗೇ ಹೋಗಿ.’ ಎರಡು ವರ್ಷ ಬಿಟ್ಟು ಒಂದು ಇಂಟರ್‌ವ್ಯೂನಲ್ಲಿ ಅದೇ ಮನುಷ್ಯ ಎದುರಿಗೆ ಕೂತಿದ್ದರು. ನಕ್ಕರು. ಕೆಲಸ ಸಿಗಲಿಲ್ಲ.

ಹಂತ 6: ಉತ್ತರ ಬಾರದಿದ್ದರೆ

ಎಂಟು ಹತ್ತು ದಿನ ಕಾಯಿರಿ. ಆಮೇಲೆ ಒಂದೇ ಒಂದು ನೆನಪೋಲೆ: ‘ಸರ್, ಹೋದ ವಾರ ಕೇಳಿದ್ದೆ. ಬಿಡುವಾದಾಗ ನೋಡಿ.’ ಅದಕ್ಕೂ ಬಾರದಿದ್ದರೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮುಂದಿನ ಹೆಸರಿಗೆ ಹೋಗಿ. ನೀಲಿ ಟಿಕ್ ನೋಡಿ ‘ಓದಿದ್ದೀರಿ, ಉತ್ತರ ಕೊಟ್ಟಿಲ್ಲ’ ಅನ್ನುವುದು, ಬರೇ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದು, ಅವರ ಪೋಸ್ಟಿನ ಕೆಳಗೆ ‘ಸರ್ ಇನ್‌ಬಾಕ್ಸ್ ನೋಡಿ’ ಅಂತ ಬರೆಯುವುದು, ಇವು ಬಾಗಿಲು ಶಾಶ್ವತವಾಗಿ ಹಾಕಿಸುತ್ತವೆ.

ಹಂತ 7: ರೆಫರಲ್ ಕೇಳುವುದು

ಮೂರ್ನಾಲ್ಕು ಸಲ ಮಾತು ನಡೆದು, ನೀವು ಎಂಥವರು ಅಂತ ಅವರಿಗೆ ಅಂದಾಜು ಸಿಕ್ಕ ಮೇಲೆ ಕೇಳಬಹುದು. ರೆಫರಲ್ ಅಂದರೆ ಅವರು ತಮ್ಮ ಹೆಸರನ್ನು ನಿಮ್ಮ ಪಕ್ಕದಲ್ಲಿ ಬರೆಯುವುದು. ನೀವು ಸೇರಿ ಎರಡೇ ತಿಂಗಳಿಗೆ ಬಿಟ್ಟರೆ ಮಾತು ಕೇಳುವವರು ಅವರು.

ಕೇಳುವ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ಜಾಹೀರಾತು ಹುಡುಕಿ. ಹುದ್ದೆಯ ಹೆಸರು, ಜಾಬ್ ಐಡಿ, ಲಿಂಕ್, ರೆಸ್ಯೂಮೆ, ನೀವು ಅದಕ್ಕೆ ಹೇಗೆ ಹೊಂದುತ್ತೀರಿ ಅನ್ನುವ ಮೂರು ಸಾಲು, ಇಷ್ಟನ್ನೂ ಒಂದೇ ಮೆಸೇಜಿನಲ್ಲಿ ಕೊಡಿ. ಅವರು ಕಾಪಿ ಮಾಡಿ ಅಂಟಿಸಿದರೆ ಕೆಲಸ ಮುಗಿಯಬೇಕು. ಒಂದೇ ಹುದ್ದೆಗೆ ಅದೇ ಕಂಪನಿಯ ಮೂವರ ಹತ್ತಿರ ರೆಫರಲ್ ಕೇಳಬೇಡಿ. ಅವರು ಕ್ಯಾಂಟೀನಿನಲ್ಲಿ ಒಟ್ಟಿಗೇ ಊಟ ಮಾಡುತ್ತಾರೆ!

ನಮ್ಮ ಭಾಗದವರು ಮಾಡುವ ಒಂದು ತಪ್ಪು ಇಲ್ಲಿ ಹೇಳಲೇಬೇಕು. ಖಾಸಗಿ ಕಂಪನಿಯವರಿಗೆ ‘ನನ್ನ ಹತ್ತಿರ 371(ಜೆ) ಸರ್ಟಿಫಿಕೇಟ್ ಇದೆ’ ಅಂತ ಬರೆಯುತ್ತಾರೆ. ಕಲ್ಯಾಣ ಕರ್ನಾಟಕದ ಆ ಮೀಸಲಾತಿ ಸರ್ಕಾರಿ ನೇಮಕಾತಿ ಮತ್ತು ಕಾಲೇಜು ಸೀಟುಗಳಿಗೆ ಸಂಬಂಧಿಸಿದ್ದು. ಖಾಸಗಿ ಕಾರ್ಖಾನೆಯ ಎಚ್‌ಆರ್‌ಗೆ ಅದನ್ನು ತೋರಿಸಿ ಪ್ರಯೋಜನವಿಲ್ಲ. ಐಟಿಐ ಮುಗಿಸಿದವರಿಗೆ ರೆಫರಲ್‌ಗಿಂತ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು ಹತ್ತಿರದ ದಾರಿ. ಡಿಪ್ಲೊಮಾ, ಡಿಗ್ರಿಯವರಿಗೆ ನ್ಯಾಟ್ಸ್ ಅನ್ನುವ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ ಇದೆ. ಅಲ್ಲಿ ಹೆಸರು ಹಾಕಿ ಆಮೇಲೆ ‘ನಿಮ್ಮಲ್ಲಿ ಈ ಸಲ ಫಿಟ್ಟರ್ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರಾ?’ ಅಂತ ಕೇಳಿ. ಇಂಥ ಪ್ರಶ್ನೆಗೆ ಉತ್ತರ ಹೇಳುವುದು ನಮಗೂ ಸುಲಭ.

ಹಂತ 8: ವಾಟ್ಸಾಪಿಗೆ ಬರುವುದು

ಲಿಂಕ್ಡ್‌ಇನ್‌ನಲ್ಲಿ ಪರಿಚಯವಾದವರ ನಂಬರು ಬೇರೆ ಯಾರಿಂದಲೋ ಹುಡುಕಿ ವಾಟ್ಸಾಪ್ ಮಾಡುವುದು ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ನುಗ್ಗಿದ ಹಾಗೆ. ಅವರೇ ಕೊಡಲಿ. ಕೊಟ್ಟ ಮೇಲೂ ಅದನ್ನು ಗೆಳೆಯರಿಗೆ ಹಂಚಬೇಡಿ. ಹಂಚಬೇಕಾದರೆ ಅವರನ್ನು ಕೇಳಿ.

ನಂಬರು ಸಿಕ್ಕ ಮೇಲೆ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಶುರುವಾಗುತ್ತದೆ. ನನ್ನ ಫೋನಿನಲ್ಲಿ ಹೀಗೆ ಕಳಿಸುವ ಹದಿನಾಲ್ಕು ಜನರನ್ನು ಮ್ಯೂಟ್ ಮಾಡಿದ್ದೇನೆ. ಅವರಲ್ಲಿ ಒಬ್ಬ ಒಂದು ದಿನ ನಿಜವಾಗಿ ಬೇಕಾದದ್ದು ಕೇಳಿದ್ದ. ನಾನು ನೋಡಿದ್ದು ಹನ್ನೊಂದು ದಿನದ ಮೇಲೆ. ಯುಗಾದಿಗೆ ಒಂದು, ದೀಪಾವಳಿಗೆ ಒಂದು, ಅದೂ ಹೆಸರು ಹಿಡಿದು ಬರೆದರೆ ಸಾಕು.

ಗುಂಪಿಗೆ ಕೇಳದೆ ಯಾರನ್ನೂ ಸೇರಿಸಬೇಡಿ. ಒಂದು ಗುಂಪಿನಲ್ಲಿ 1024 ಜನ ಇರಬಹುದು. ಸೇರಿಸಿದ ಕೂಡಲೇ ಅವರ ನಂಬರು ಅಷ್ಟೂ ಜನಕ್ಕೆ ಕಾಣುತ್ತದೆ. ನಿಮ್ಮನ್ನು ಬೇರೆಯವರು ಹಾಗೆ ಸೇರಿಸದಿರಲು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿಗೆ ಹೋಗಿ, ಗ್ರೂಪ್ಸ್ ಅನ್ನುವುದನ್ನು ‘ಮೈ ಕಾಂಟ್ಯಾಕ್ಟ್ಸ್’ ಮಾಡಿ. ಕೆಲಸದ ಗುಂಪಿನಲ್ಲಿ ರಾಜಕೀಯ, ದೇವರ ಫಾರ್ವರ್ಡ್, ಲೋನ್ ಆ್ಯಪ್ ಲಿಂಕ್ ಹಾಕಬೇಡಿ. ಒಬ್ಬರಿಗೆ ಹೇಳುವ ಮಾತನ್ನು ಗುಂಪಿನಲ್ಲಿ ಹೇಳಬೇಡಿ. ಬಾಕಿ ಹಣ ಕೇಳುವುದಂತೂ ಯಾವತ್ತೂ ಗುಂಪಿನಲ್ಲಿ ಅಲ್ಲ. ಎಷ್ಟೇ ಸಿಟ್ಟು ಬಂದಿರಲಿ, ಫೋನು ಮಾಡಿ ಕೇಳಿ.

ತಪ್ಪು ಕಳಿಸಿದರೆ 15 ನಿಮಿಷದೊಳಗೆ ತಿದ್ದಬಹುದು. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ‘ಏನಿತ್ತು?’ ಅಂತ ಕುತೂಹಲ ಬೇರೆ.

ವ್ಯಾಪಾರದವರು ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಳಸಿ. ಅದರಲ್ಲಿ ಕ್ಯಾಟಲಾಗ್ ಇಡಬಹುದು. ನೂರು ಜೀನ್ಸ್‌ನ ಫೋಟೊ ಒಂದೇ ಸಲ ಸುರಿಯುವ ಬದಲು ಕ್ಯಾಟಲಾಗ್ ಲಿಂಕ್ ಕಳಿಸಿ, ಯಾವ ಸೈಜು, ಕನಿಷ್ಠ ಎಷ್ಟು ಪೀಸು, ಎಷ್ಟು ದಿನದಲ್ಲಿ ಕೊಡುತ್ತೀರಿ ಅಂತ ಎರಡು ಸಾಲು ಬರೆಯಿರಿ. ದರವನ್ನು ‘ಇನ್‌ಬಾಕ್ಸ್ ಮಾಡಿ’ ಅಂತ ಮುಚ್ಚಿಡುವುದು ನನಗಂತೂ ಹಿಡಿಸುವುದಿಲ್ಲ. ಕೇಳುವವನು ಹೇಗೂ ಪಕ್ಕದ ಅಂಗಡಿಯ ದರ ತಿಳಿದೇ ಬಂದಿರುತ್ತಾನೆ.

ಹೆಣ್ಣುಮಕ್ಕಳಿಗೆ ಬರೆಯುವ ಗಂಡುಮಕ್ಕಳಿಗೆ

ಇದಕ್ಕೆ ಹಂತದ ಸಂಖ್ಯೆ ಕೊಟ್ಟಿಲ್ಲ, ಯಾಕೆಂದರೆ ಎಲ್ಲ ಹಂತಕ್ಕೂ ಇದು ಬೇಕು. ನಮ್ಮ ವಿಭಾಗದ ಒಬ್ಬ ಹುಡುಗಿ ತನ್ನ ಇನ್‌ಬಾಕ್ಸ್ ತೋರಿಸಿದಳು. ಸೇಫ್ಟಿ ಬಗ್ಗೆ ಅವಳು ಬರೆದ ಒಳ್ಳೆಯ ಪೋಸ್ಟಿಗೆ ಬಂದ ಮೆಸೇಜುಗಳು: ‘ನೈಸ್ ಡಿಪಿ’, ‘ಮ್ಯಾರೀಡ್ ಆ?’, ‘ಯಾವ ಊರು ನಿಮ್ಮದು, ನಿಮ್ಮ ನಗು ಚೆನ್ನಾಗಿದೆ’. ಒಬ್ಬ ಸೀನಿಯರ್ ಮ್ಯಾನೇಜರ್ ಕೂಡ ಇದ್ದ. ಅವಳು ಫೋಟೊ ತೆಗೆದುಹಾಕಿದಳು. ಆಮೇಲೆ ಬರೆಯುವುದನ್ನೇ ನಿಲ್ಲಿಸಿದಳು.

ನಿಯಮ ಸುಲಭ. ಅವರ ಕೆಲಸದ ಬಗ್ಗೆ ಮಾತ್ರ ಬರೆಯಿರಿ. ರೂಪ, ಮದುವೆ, ಮನೆಯ ವಿಷಯ ಎತ್ತಬೇಡಿ. ನಂಬರು ಕೇಳಬೇಡಿ. ಅದೇ ಮಾತನ್ನು ಒಬ್ಬ ಗಂಡಸು ಮ್ಯಾನೇಜರಿಗೆ ಬರೆಯುತ್ತಿದ್ದಿರಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಅಳಿಸಿ. ಹೆಣ್ಣುಮಕ್ಕಳು ಇಂಥ ಮೆಸೇಜಿಗೆ ಉತ್ತರ ಕೊಡಬೇಕಾಗಿಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

ಅಪಾಯದ ಸೂಚನೆಗಳು

ಪರಿಚಯ ಹುಡುಕುವವರ ಹಿಂದೆಯೇ ಮೋಸ ಮಾಡುವವರೂ ಇದ್ದಾರೆ. ದೊಡ್ಡ ಕಾರ್ಖಾನೆಯ ಲೋಗೊ ಹಾಕಿದ ಫಾರ್ವರ್ಡ್ ಬರುತ್ತದೆ. ಕೆಳಗೆ ಜಿಮೇಲ್ ವಿಳಾಸ. ಇಂಟರ್‌ವ್ಯೂ ಇಲ್ಲದೆ ‘ಸೆಲೆಕ್ಟ್ ಆಗಿದ್ದೀರಿ’. ಆಮೇಲೆ ಗೇಟ್ ಪಾಸ್‌ಗೆ, ಯೂನಿಫಾರ್ಮ್‌ಗೆ, ಮೆಡಿಕಲ್‌ಗೆ ಅಂತ ಸ್ವಲ್ಪ ಸ್ವಲ್ಪ ಹಣ. ‘ನಾಳೆ ಸಂಜೆಯೊಳಗೆ ಕಟ್ಟದಿದ್ದರೆ ಬೇರೆಯವರಿಗೆ ಹೋಗುತ್ತದೆ’ ಅನ್ನುವ ಅವಸರ. ಹಣ ಕೇಳಿದರು ಅಂದರೆ ಅಲ್ಲಿಗೆ ಮುಗಿಯಿತು, ಅದು ಕೆಲಸವೇ ಅಲ್ಲ. ಒಟಿಪಿ, ಆಧಾರ್ ಫೋಟೊ, ಬ್ಯಾಂಕ್ ಪಾಸ್‌ಬುಕ್ ಕೇಳುವವರೂ ಹಾಗೇ.

ಅನುಮಾನ ಬಂದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಹುದ್ದೆ ಇದೆಯಾ ನೋಡಿ. ಪರಿಚಯದವರಿಗೆ ಒಂದು ಸಾಲು ಕೇಳಿ, ಇಂಥ ಪ್ರಶ್ನೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಪರಿಶೀಲಿಸದ ಜಾಹೀರಾತನ್ನು ‘ಯಾರಿಗಾದರೂ ಉಪಯೋಗವಾಗಲಿ’ ಅಂತ ನೀವು ಗುಂಪಿಗೆ ಫಾರ್ವರ್ಡ್ ಮಾಡಿದರೆ, ಮೋಸ ಹೋದವರು ಮೊದಲು ಹಿಡಿಯುವುದು ನಿಮ್ಮನ್ನೇ.

ಹಂತ 9: ಕೆಲಸ ಆದ ಮೇಲೆ, ಆಗದಿದ್ದ ಮೇಲೆ

ಸಹಾಯ ಮಾಡಿದವರಿಗೆ ಫಲಿತಾಂಶ ತಿಳಿಸಿ. ಇಂಟರ್‌ವ್ಯೂ ಹೋಯಿತು, ಆಗಲಿಲ್ಲ, ಅಂತಲಾದರೂ ತಿಳಿಸಿ. ರೆಫರಲ್ ಕೊಟ್ಟವರಿಗೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಕೆಲಸ ಸಿಕ್ಕ ದಿನ ಐವತ್ತು ಜನರನ್ನು ಟ್ಯಾಗ್ ಮಾಡಿ ಧನ್ಯವಾದ ಹೇಳುವುದಕ್ಕಿಂತ, ನಿಜವಾಗಿ ನೆರವಾದ ಇಬ್ಬರಿಗೆ ಬೇರೆ ಬೇರೆ ಬರೆಯುವುದು ಮೇಲು. ಹಳೆಯ ಕಂಪನಿಯನ್ನು ಬೈದು ಪೋಸ್ಟ್ ಹಾಕಬೇಡಿ. ಬೈಯುವ ಕಾರಣ ಇದ್ದೇ ಇರುತ್ತದೆ, ಅದು ಬೇರೆ ಮಾತು.

ಆರು ತಿಂಗಳಿಗೆ ನಿಮಗೂ ‘ಹಾಯ್ ಸರ್’ ಬರಲು ಶುರುವಾಗುತ್ತದೆ. ಎಲ್ಲರಿಗೂ ಉದ್ದ ಉತ್ತರ ಕೊಡಲು ಆಗುವುದಿಲ್ಲ. ಒಂದು ಉತ್ತರ ಬರೆದಿಟ್ಟುಕೊಂಡು ಅದನ್ನೇ ಕಳಿಸಿ. ನನ್ನದು ಹೀಗಿದೆ: ‘ನಮಸ್ಕಾರ. ನೇಮಕಾತಿ ನನ್ನ ಕೈಯಲ್ಲಿಲ್ಲ. ನಿಮ್ಮ ಊರು, ಓದು, ಟ್ರೇಡ್, ಈಗ ಏನು ಮಾಡುತ್ತಿದ್ದೀರಿ, ನನ್ನಿಂದ ಏನು ತಿಳಿಯಬೇಕು ಅಂತ ಒಂದೇ ಮೆಸೇಜಿನಲ್ಲಿ ಬರೆಯಿರಿ. ಗೊತ್ತಿದ್ದರೆ ಭಾನುವಾರ ಉತ್ತರಿಸುತ್ತೇನೆ.’

ಮೊನ್ನೆಯ ಹುಡುಗನಿಗೂ ಇದನ್ನೇ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು. ಯಲಬುರ್ಗಾದವನು. ಐಟಿಐ ಫಿಟ್ಟರ್ ಮುಗಿಸಿ ಒಂದು ವರ್ಷ ಬೋರ್‌ವೆಲ್ ಮೋಟರು ರಿಪೇರಿ ಅಂಗಡಿಯಲ್ಲಿದ್ದಾನಂತೆ. ಮೋಟರಿನ ಶಾಫ್ಟ್ ಅಲೈನ್‌ಮೆಂಟ್ ಕಣ್ಣಳತೆಯಲ್ಲಿ ಮಾಡುತ್ತಾನೆ, ಡಯಲ್ ಗೇಜ್ ಹಿಡಿದು ಗೊತ್ತಿಲ್ಲ, ಅದನ್ನು ಎಲ್ಲಿ ಕಲಿಯಬಹುದು ಅಂತ ಕೇಳಿದ್ದಾನೆ. ಭಾನುವಾರದವರೆಗೆ ಕಾಯಿಸಲಿಲ್ಲ, ಆಗಲೇ ಬರೆದೆ.